ಸಮುದ್ರದ ಪಾಲು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ಹತ್ತೊಂಬತ್ತನೆಯ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ಒಂದು ಬಾಯಿಯ ಮೇಲೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ತೆರೆದರು. ತಾತ್ಕಾಲಿಕ ಗೇಟು ಕೂರಿಸುವ ತನಕ, ಹೆಚ್ಚುಕಡಿಮೆ ಒಂದು ವಾರ, ತುಂಬಿದ ಜಲಾಶಯ ಕಣ್ಣೆದುರೇ ಇಳಿಯುತ್ತಿತ್ತು. ಆ ವಾರ ನಾನು ಸಿರುಗುಪ್ಪದ ಹೊಳೆ ದಂಡೆಯಲ್ಲಿ ನಿಂತಿದ್ದೆ. ಕೆಂಪು ನೀರು ಸದ್ದಿಲ್ಲದೆ, ಆದರೆ ಭಾರಿ ಅವಸರದಲ್ಲಿ ಹೋಗುತ್ತಿತ್ತು. ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರು, "ಹೋತ್ ನೋಡ್ರಿ ಸಾರ್, ಎರಡನೇ ಬೆಳಿ ನೀರೆಲ್ಲಾ ಸಮುದ್ರದ ಪಾಲಾತು" ಅಂದರು.

ಈ ಮಾತು ಹೊಸದಲ್ಲ. ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆ ತೆರೆದರೆ ಇಷ್ಟು ಟಿಎಂಸಿ ನೀರು ವ್ಯರ್ಥವಾಗಿ ಸಮುದ್ರ ಸೇರಿತು ಎಂಬ ವಾಕ್ಯ ವರ್ಷಕ್ಕೆ ನಾಲ್ಕು ಸಲವಾದರೂ ಸಿಗುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಶಾಸಕರು ಹೇಳುತ್ತಾರೆ, ಎಂಜಿನಿಯರರು ಹೇಳುತ್ತಾರೆ, ಸಂಘದವರು ಮನವಿಪತ್ರದಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ಒಂದು ವಸ್ತು 'ಪಾಲಾಯಿತು' ಎಂದರೆ ಕೈಬಿಟ್ಟಿತು ಎಂದರ್ಥ: ಕಳ್ಳರ ಪಾಲು, ನಾಯಿ ಪಾಲು, ನೀರು ಪಾಲು. ಆದರೆ ಪಾಲು ಎಂಬ ಶಬ್ದಕ್ಕೆ ಇನ್ನೊಂದು ಅರ್ಥವೂ ಇದೆ, ಹಿಸ್ಸೆ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡಾಗ ಬರುವುದು ಆ ಪಾಲು. ಆ ದಿನ ದಂಡೆಯ ಮೇಲೆ ನನಗೆ ಹೊಳೆದ ಪ್ರಶ್ನೆ ಸಣ್ಣದು. ಸಮುದ್ರ ತನ್ನ ಪಾಲನ್ನು ಎಲ್ಲಿ ತೆಗೆದುಕೊಳ್ಳುತ್ತದೆ? ತೆಗೆದುಕೊಂಡು ಏನು ಮಾಡುತ್ತದೆ? ಇತಿಹಾಸ ಓದಿದವನಿಗೆ ಸಮುದ್ರವಿಜ್ಞಾನ ದೂರದ ಊರು. ಆದರೂ ಹುಡುಕುತ್ತ ಹೋದಾಗ ದಾರಿಯಲ್ಲಿ ನಮ್ಮದೇ ಸೀಮೆಯ ಹೆಸರುಗಳು ಎದುರಾದವು.

ಸಿರುಗುಪ್ಪ ಬಿಟ್ಟ ಹೊಳೆ ಮಂತ್ರಾಲಯ, ಸುಂಕೇಸುಲ, ಕರ್ನೂಲು ದಾಟಿ, ಆಲಂಪುರದ ಹತ್ತಿರ ಕೃಷ್ಣೆಯನ್ನು ಕೂಡುತ್ತದೆ. ಅಲ್ಲಿಂದ ನಲ್ಲಮಲ ಬೆಟ್ಟಗಳ ನಡುವೆ ಶ್ರೀಶೈಲ, ಆಮೇಲೆ ನಾಗಾರ್ಜುನಸಾಗರ, ವಿಜಯವಾಡ, ಕೊನೆಗೆ ದಿವಿಸೀಮೆಯ ಬಯಲು. ಭೂಪಟ ನೋಡುವವರು ಅಲ್ಲಿಗೆ ಬೆರಳು ಎತ್ತಿಬಿಡುತ್ತಾರೆ, ನದಿ ಮುಗಿಯಿತು ಎಂದು. ನೆಲ ಮುಗಿಯುವುದಿಲ್ಲ. ದಂಡೆಯಿಂದ ಆಚೆ ನೀರಿನಡಿಯಲ್ಲಿ ನೆಲ ಒಂದಷ್ಟು ದೂರ ಹಂತಿ ಕಣದ ಹಾಗೆ ಸಮನಾಗಿ ಚಾಚಿಕೊಂಡಿದೆ. ಆಮೇಲೆ ಅಂಚು. ಅಂಚಿನಿಂದಾಚೆ ಎರಡು ಮೂರು ಸಾವಿರ ಮೀಟರ್ ಆಳಕ್ಕೆ ಇಳಿಜಾರು. ಈ ಅಂಚನ್ನೂ ಇಳಿಜಾರನ್ನೂ ಅಲ್ಲಲ್ಲಿ ಕಮರಿಗಳು ಸೀಳಿವೆ. ಹಗರಿಯ ದಂಡೆಯ ಎರೆ ಹೊಲಗಳಲ್ಲಿ ಬದು ಒಡೆದಾಗ ಒಂದೇ ಮಳೆಗೆ ಆಳುದ್ದ ಕೊರಕಲು ಬೀಳುವುದನ್ನು ನೋಡಿದವರಿಗೆ ಆಕಾರ ಹೇಳಿಕೊಡಬೇಕಾಗಿಲ್ಲ. ಅದನ್ನೇ ಹತ್ತಾರು ಕಿಲೋಮೀಟರ್ ಉದ್ದಕ್ಕೆ, ನೂರಾರು ಮೀಟರ್ ಆಳಕ್ಕೆ ಹಿಗ್ಗಿಸಿ, ಮೇಲೆ ಕಡಲು ತುಂಬಿದರೆ ಆಯಿತು.

ಆಂಧ್ರ ತೀರದ ಆಚೆ ಇಂಥ ಮೂರು ಕಮರಿಗಳಿಗೆ ಹೆಸರಿಟ್ಟವರು ಯುಜೀನ್ ಲಾಫಾಂಡ್ ಎಂಬ ಅಮೆರಿಕನ್ ಸಮುದ್ರವಿಜ್ಞಾನಿ. ಹೆಸರುಗಳು ಆಂಧ್ರ, ಮಹಾದೇವನ್, ಕೃಷ್ಣಾ. ಮೊದಲನೆಯದು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದ್ದು, ಮೂರನೆಯದು ನದಿಯದ್ದು. ನಡುವಿನದು ಒಬ್ಬ ಮನುಷ್ಯನದ್ದು. ನನ್ನ ಹುಡುಕಾಟ ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

ಕಲಾಮೂರ್ ಮಹಾದೇವನ್ ಹುಟ್ಟಿದ್ದು 1901ರಲ್ಲಿ. ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಆಮೇಲೆ ನಿಜಾಮರ ಹೈದರಾಬಾದ್ ಭೂವೈಜ್ಞಾನಿಕ ಇಲಾಖೆಗೆ ಬಂದರು. 1941ರಲ್ಲಿ ಆ ಇಲಾಖೆಯ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಒಂದು ಉದ್ದನೆಯ ಲೇಖನದ ವಿಷಯ, ಗುಲಬರ್ಗಾ ಜಿಲ್ಲೆ ಸುರಪುರ ತಾಲ್ಲೂಕಿನ ದಕ್ಷಿಣ ಮತ್ತು ನೈಋತ್ಯ ಭಾಗದ ಭೂರಚನೆ. ಅಂದರೆ ಕೃಷ್ಣೆಯ ದಂಡೆಯ ಕನ್ನಡ ಹಳ್ಳಿಗಳ ಕಲ್ಲು, ಮಣ್ಣು, ಹಳ್ಳಕೊಳ್ಳ. ಮೆಡೋಸ್ ಟೇಲರನ ಸುರಪುರ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಮಹಾದೇವನ್ನರ ಸುರಪುರ ಯಾರಿಗೂ ಗೊತ್ತಿಲ್ಲ. ಅವರು ಆಮೇಲೆ ವಾಲ್ಟೇರಿಗೆ ಹೋಗಿ ಆಂಧ್ರ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾದರು. ಕಡಲ ಎದುರಿಗೇ ವಿಭಾಗ. ನೆಲದ ಮೇಲೆ ನದಿಯ ಜೊತೆ ನಡೆದವರು ಈಗ ಅದೇ ನದಿ ಕಡಲಿಗೆ ಸುರಿದ ಮಣ್ಣನ್ನು ತೆಗೆಸಿ ಪರೀಕ್ಷಿಸತೊಡಗಿದರು. 1954ರಲ್ಲಿ, ಎಂ. ಪೂರ್ಣಚಂದ್ರರಾವ್ ಅವರ ಜೊತೆ ಪೂರ್ವ ತೀರದ ಕಡಲತಳದ ಮಣ್ಣಿನ ಬಗ್ಗೆ ಬರೆದರು.

ಲಾಫಾಂಡ್ ಅಲ್ಲಿಗೆ ಬಂದದ್ದು 1952ರಲ್ಲಿ, ಫುಲ್‌ಬ್ರೈಟ್ ಪ್ರಾಧ್ಯಾಪಕರಾಗಿ. ಭಾರತದ ವಿಶ್ವವಿದ್ಯಾಲಯವೊಂದರಲ್ಲಿ ಸಮುದ್ರವಿಜ್ಞಾನ ಪಾಠವಾಗಿ ಬೇರೂರಿದ್ದು ಆ ಹೊತ್ತಿಗೆ. ಹತ್ತು ವರ್ಷಗಳ ನಂತರ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಮೀಕ್ಷೆ ನಡೆಯಿತು. ಹಲವು ದೇಶಗಳ ಹಡಗುಗಳು ಬಂದವು. ಅವುಗಳಲ್ಲಿ ಒಂದು 'ಆಂಟನ್ ಬ್ರೂನ್', ಹಿಂದೆ ಅಧ್ಯಕ್ಷ ಟ್ರೂಮನ್ನರ ವಿಹಾರ ನೌಕೆಯಾಗಿದ್ದ 'ವಿಲಿಯಮ್ಸ್‌ಬರ್ಗ್'. ಇಸ್ಪೀಟು ಆಡುವ ಹಡಗು ಕಡಲ ನೆಲ ಅಳೆಯುವ ಹಡಗಾಯಿತು. 1963ರಲ್ಲಿ ಅದರ ಬಂಗಾಳಕೊಲ್ಲಿಯ ಮೊದಲ ಯಾನಕ್ಕೆ ಲಾಫಾಂಡ್ ಮುಖ್ಯ ವಿಜ್ಞಾನಿ. ಹಡಗಿನಡಿಯಿಂದ ಸದ್ದು ಬಿಟ್ಟು, ನೆಲಕ್ಕೆ ಬಡಿದು ಬರುವ ಮರುದನಿಯ ಹೊತ್ತು ಎಣಿಸಿ ಆಳ ಬರೆಯುವ ಯಂತ್ರ ಅದರಲ್ಲಿತ್ತು. ಕಾಗದದ ಮೇಲಿನ ಗೆರೆ ಕುಸಿದು ಮತ್ತೆ ಮೇಲೆದ್ದ ಕಡೆಗಳಲ್ಲಿ ಕಮರಿಗಳಿದ್ದವು. 1964ರಲ್ಲಿ ಅವರು ಅವುಗಳ ವಿವರ ಪ್ರಕಟಿಸಿದರು. ಮಹಾದೇವನ್ 1962ರಲ್ಲೇ ತೀರಿಕೊಂಡಿದ್ದರು. ಸುರಪುರದ ಬಂಡೆಗಳ ಮೇಲೆ ನಡೆದಾಡಿದ ಮನುಷ್ಯನ ಹೆಸರು ಅವರು ಎಂದೂ ನೋಡದ ಒಂದು ಕತ್ತಲ ಕೊರಕಲಿಗೆ ಅಂಟಿಕೊಂಡಿತು.

ಕಡಲಡಿಯಲ್ಲಿ ಕೊರಕಲು ಹೇಗೆ ಬಿದ್ದೀತು ಎಂಬ ತಕರಾರು ಇದಕ್ಕಿಂತ ನೂರು ವರ್ಷ ಹಳೆಯದು. ಅಲ್ಲಿಯೂ ನಮ್ಮ ಪರಿಚಯದ ಒಂದು ಮುಖವಿದೆ. ಗಂಗೆಯ ಬಾಯಿಯ ಆಚೆ ಒಂದು ಭಾರಿ ಕಮರಿ ಇದೆ. ನಾವಿಕರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಬಿಟ್ಟರೆ ಸುತ್ತ ಎಲ್ಲ ಕಡೆ ನೆಲ ಸಿಗುತ್ತಿತ್ತು, ಅಲ್ಲಿ ಮಾತ್ರ ಸಿಗುತ್ತಿರಲಿಲ್ಲ. ಅದಕ್ಕೇ ಅದನ್ನು ತಳವಿಲ್ಲದ ಪಟ್ಟಿ ಎಂದು ಕರೆದರು. 1863ರಲ್ಲಿ ಅದರ ಬಗ್ಗೆ ಬರೆದವನು ಜೇಮ್ಸ್ ಫರ್ಗುಸನ್. ಹೌದು, ಅದೇ ಫರ್ಗುಸನ್. ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಚಿತ್ರಸಂಪುಟಕ್ಕೆ 1866ರಲ್ಲಿ ಬರೆದವನು, ನಮ್ಮ ಗುಡಿಗಳ ಶೈಲಿ ವಿಂಗಡಣೆಯಲ್ಲಿ ಇವತ್ತಿಗೂ ಕಾಟ ಕೊಡುವವನು. ಬಂಗಾಳದಲ್ಲಿ ನೀಲಿ ಬೆಳೆಸಿ ಹಣ ಮಾಡಿಕೊಂಡಿದ್ದ ಆತ ಗಂಗೆಯ ಮುಖಜಭೂಮಿ ಹೇಗೆ ಬದಲಾಗುತ್ತಿದೆ ಎಂದು ಬರೆಯುವಾಗ ಒಂದು ನೇರ ಪ್ರಶ್ನೆ ಕೇಳಿದ: ಇಷ್ಟು ಹೂಳು ತರುವ ನದಿಯ ಎದುರಿಗೇ ಇರುವ ಹೊಂಡ ಯಾಕೆ ತುಂಬಿಲ್ಲ? ಎರಡು ಕಡೆಯ ಉಬ್ಬರದ ನೀರು ಅಲ್ಲಿ ಸೇರಿ ಸುಳಿಯಾಗಿ ತಳವನ್ನು ಗುಡಿಸುತ್ತದೆ ಎಂಬುದು ಅವನ ಉತ್ತರ. ಉತ್ತರ ಪೂರ್ತಿ ನಿಲ್ಲಲಿಲ್ಲ. ಆದರೆ ಉಬ್ಬರವಿಳಿತಕ್ಕೂ ಕಮರಿಗೂ ಏನೋ ಇದೆ ಎಂಬ ಊಹೆ ಪೂರ್ತಿ ಸುಳ್ಳೂ ಆಗಲಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಕಮರಿ ಕೊರೆಯುವ ಕೈ ಸಿಕ್ಕಿದ್ದು ಬೇರೆ ಸಾಗರದಲ್ಲಿ. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲ್ಯಾಂಡಿನ ಆಚೆ ಭೂಕಂಪವಾಯಿತು. ಅಟ್ಲಾಂಟಿಕದ ತಂತಿಗಳು ಒಂದಾದ ಮೇಲೊಂದರಂತೆ, ಮೇಲಿನಿಂದ ಆಳದ ಕಡೆಗೆ, ಕಡಿಯುತ್ತ ಹೋದವು. ಕೊನೆಯದು ಕಡಿದದ್ದು 13 ಗಂಟೆ ಕಳೆದ ಮೇಲೆ. ಭೂಕಂಪವೇ ಕಡಿದಿದ್ದರೆ ಒಟ್ಟಿಗೆ ಕಡಿಯಬೇಕಿತ್ತು. 1952ರಲ್ಲಿ, ಲಾಫಾಂಡ್ ವಾಲ್ಟೇರಿಗೆ ಬಂದ ವರ್ಷವೇ, ಹೀಜನ್ ಮತ್ತು ಯೂಯಿಂಗ್ ಆ ಸಮಯಗಳನ್ನು ಸಾಲಾಗಿಟ್ಟು ಇದು ನೀರಿನಡಿಯ ಕೆಸರಿನ ಪ್ರವಾಹ ಎಂದು ತೋರಿಸಿದರು. ಮಣ್ಣು ಕಲಸಿದ ನೀರು ಸುತ್ತಲಿನ ನೀರಿಗಿಂತ ಭಾರ. ಅದು ಇಳಿಜಾರಿನಲ್ಲಿ ಜಾರುತ್ತದೆ, ಜಾರುತ್ತ ನೆಲವನ್ನು ಉಜ್ಜುತ್ತದೆ, ಉಜ್ಜಿದ ಮಣ್ಣನ್ನೂ ಸೇರಿಸಿಕೊಂಡು ಇನ್ನಷ್ಟು ಭಾರವಾಗಿ ಇನ್ನಷ್ಟು ಜೋರಾಗುತ್ತದೆ. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ನದಿಗಳು ಚಾಚಿನ ಅಂಚಿನ ತನಕ ನಡೆದುಹೋಗಿ ಕಮರಿಯ ಬಾಯಿಗೇ ಮಣ್ಣು ಸುರಿಯುತ್ತಿದ್ದವು. ನದಿ ತರುವ ಮಣ್ಣು ಕಮರಿ ತುಂಬುವ ವಸ್ತು ಎಂದು ಫರ್ಗುಸನ್ ತಿಳಿದಿದ್ದ. ಅದೇ ಮಣ್ಣು ಕಮರಿ ಕಡೆಯುವ ಉಳಿಯೂ ಆಗಿತ್ತು.

ಈಗ ಆ ಕಮರಿಗಳಲ್ಲಿ ನೀರು ಏನು ಮಾಡುತ್ತದೆ ನೋಡೋಣ. ತೀರದುದ್ದಕ್ಕೂ ಕಡಲಲ್ಲಿ ಪ್ರವಾಹ ಇರುತ್ತದೆ. ನಮ್ಮ ಪೂರ್ವ ತೀರದಲ್ಲಿ ಅದು ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಫೆಬ್ರುವರಿಯಿಂದ ಬೇಸಿಗೆಯವರೆಗೆ ಉತ್ತರಕ್ಕೆ, ಅಕ್ಟೋಬರ್ ನಂತರ ದಕ್ಷಿಣಕ್ಕೆ. ಭೂಮಿ ತಿರುಗುವುದರಿಂದ ನಮ್ಮ ಗೋಳಾರ್ಧದಲ್ಲಿ ಹರಿಯುವ ನೀರೆಲ್ಲ ತನ್ನ ಬಲಕ್ಕೆ ವಾಲುತ್ತದೆ. ಉತ್ತರಕ್ಕೆ ಹೊರಟ ನೀರಿನ ಬಲ ಎಂದರೆ ಕಡಲಿನ ಕಡೆ. ಅಲ್ಲಿ ನೀರು ಬೆರಳಷ್ಟು ಎತ್ತರ ಒಟ್ಟುಗೂಡಿ ಮತ್ತೆ ದಂಡೆಯ ಕಡೆ ಒತ್ತುತ್ತದೆ. ವಾಲುವುದೂ ಒತ್ತುವುದೂ ಸಮವಾಗಿ ಪ್ರವಾಹ ನೇರ ಸಾಗುತ್ತದೆ. ಆದರೆ ಕಮರಿಯೊಳಗಿನ ನೀರಿಗೆ ಎರಡೂ ಕಡೆ ಗೋಡೆ. ಅದು ಉತ್ತರಕ್ಕೆ ಹೋಗಲಾರದು, ಆದ್ದರಿಂದ ವಾಲುವ ಬಲವೂ ಅದಕ್ಕಿಲ್ಲ. ಒತ್ತಡ ಮಾತ್ರ ಉಳಿಯಿತು. ಆ ಒತ್ತಡಕ್ಕೆ ಸಿಕ್ಕ ಆಳದ ತಣ್ಣೀರು ಕಮರಿಯ ಓಣಿ ಹಿಡಿದು ದಂಡೆಯ ಕಡೆಗೆ ಮೇಲೇರುತ್ತದೆ. ಪ್ರವಾಹ ದಕ್ಷಿಣಕ್ಕೆ ತಿರುಗಿದಾಗ ಎಲ್ಲ ತಿರುಗುಮುರುಗು. ದಂಡೆಯ ನೀರು ಓಣಿಯಲ್ಲಿ ಕೆಳಕ್ಕೆ ಇಳಿಯುತ್ತದೆ. ಒಂದೇ ಕಮರಿ, ಬೇಸಿಗೆಯಲ್ಲಿ ಏಣಿ, ಚಳಿಗಾಲದಲ್ಲಿ ಮೋರಿ.

ಉಬ್ಬರವಿಳಿತದ ಮಾತು ಇಲ್ಲಿ ಬರುತ್ತದೆ. ಕಡಲ ನೀರು ಪದರ ಪದರ. ಮೇಲೆ ಹಗುರದ ಬೆಚ್ಚನೆಯ ನೀರು, ಕೆಳಗೆ ಭಾರದ ತಣ್ಣೀರು. ಉಬ್ಬರವಿಳಿತ ದಿನಕ್ಕೆ ಎರಡು ಸಲ ಈ ಪದರಗಳನ್ನು ಇಳಿಜಾರಿನ ಮೇಲೆ ಹತ್ತಿಸಿ ಇಳಿಸಿದಾಗ ಪದರಗಳ ನಡುವೆಯೇ ಅಲೆಗಳು ಏಳುತ್ತವೆ. ಮೇಲಿನಿಂದ ನೋಡಿದರೆ ಕಡಲು ಶಾಂತ, ಒಳಗೆ ಹತ್ತಾರು ಮೀಟರ್ ಎತ್ತರದ ಅಲೆ. ಲಾಫಾಂಡರ ಜೀವಮಾನದ ಆಸಕ್ತಿ ಈ ಒಳ ಅಲೆಗಳೇ. ಕಮರಿ ಕೊಳವೆಯ ಹಾಗೆ ಅವನ್ನು ಒಳಕ್ಕೆಳೆದು, ಕಿರಿದಾಗುತ್ತ, ತಲೆಯ ಕಡೆ ಒಡೆಯುವಂತೆ ಮಾಡುತ್ತದೆ. ಒಡೆದಲ್ಲಿ ಮೇಲಿನದೂ ಕೆಳಗಿನದೂ ಕಲಸುತ್ತವೆ. ಕ್ಯಾಲಿಫೋರ್ನಿಯದ ಮಾಂಟೆರೇ ಕಮರಿಯಲ್ಲಿ ಅಳೆದಾಗ ಈ ಕಲಸುವಿಕೆ ತೆರೆದ ಸಾಗರಕ್ಕಿಂತ ನೂರಾರು ಪಟ್ಟು ಜೋರಾಗಿತ್ತು. ಆಳದ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚು, ಮೇಲೆ ಬಿಸಿಲು ಹೆಚ್ಚು. ಎರಡೂ ಕೂಡಿದ ಕಡೆ ಕಣ್ಣಿಗೆ ಕಾಣದ ಪಾಚಿ ಬೆಳೆಯುತ್ತದೆ, ಅದನ್ನು ತಿನ್ನಲು ಮೀನು ಬರುತ್ತದೆ, ಅದನ್ನು ಹಿಡಿಯಲು ದೋಣಿ ಬರುತ್ತದೆ.

ಬಂಗಾಳಕೊಲ್ಲಿ ಮಾತ್ರ ಸುಲಭಕ್ಕೆ ಕಲಸಿಕೊಳ್ಳುವ ಕಡಲಲ್ಲ. ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ ಎಲ್ಲ ಸುರಿಯುವ ಸಿಹಿನೀರು, ಜೊತೆಗೆ ಕಡಲ ಮೇಲೇ ಬೀಳುವ ಮಳೆ, ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ಕೂರುತ್ತವೆ. ಗಾಳಿ ಬೀಸಿದರೂ ಕೆನೆ ಒಡೆಯುವುದಿಲ್ಲ. ಬಿಸಿಲಿನ ಶಾಖ ಆಳಕ್ಕೆ ಇಳಿಯದೆ ಮೇಲೇ ಉಳಿಯುತ್ತದೆ. ಮಳೆಗಾಲದಲ್ಲಿ ಅರಬ್ಬೀ ಸಮುದ್ರ ತಣ್ಣಗಾದರೂ ಬಂಗಾಳಕೊಲ್ಲಿ 28 ಡಿಗ್ರಿಯ ಆಸುಪಾಸಿನಲ್ಲೇ ಇರುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಒಂದರ ಹಿಂದೆ ಒಂದು ವಾಯುಭಾರ ಕುಸಿತ ಅಲ್ಲಿಂದಲೇ ಎದ್ದು ಬರುವುದೂ ಇದೇ ಕಾರಣಕ್ಕೆ. ಕಡಲೇ ಇಲ್ಲದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1999ರ ಬಾಬ್‌ಮೆಕ್ಸ್ ಪ್ರಯೋಗದಿಂದ ಹಿಡಿದು 2016ರ ಬಾಬಲ್ ಯಾನದವರೆಗೆ ಹಡಗು ಹತ್ತಿ ಹೋಗಿ ಅಳೆದುಬಂದದ್ದು ಇಂಥದ್ದನ್ನೇ. ನಮ್ಮ ಹೊಲದ ಮಳೆಯ ಲೆಕ್ಕ ಅಲ್ಲಿದೆ.

ಇದರಲ್ಲಿ ಕೃಷ್ಣೆಯ ಸಿಹಿನೀರಿನ ಭಾಗ ದೊಡ್ಡದೆಂದು ಹೇಳಿದರೆ ತಪ್ಪಾಗುತ್ತದೆ. ಗಂಗೆ ಬ್ರಹ್ಮಪುತ್ರಗಳ ಎದುರು ಅದು ಸಣ್ಣದು. ಕೃಷ್ಣೆ ನಿಂತರೆ ಕೊಲ್ಲಿಯ ಸ್ವಭಾವ ಬದಲಾಗದು. ಕೃಷ್ಣೆ ಕೊಟ್ಟದ್ದು ಹೆಚ್ಚಾಗಿ ಬೇರೆ ಎರಡು ಸಂಗತಿ. ಒಂದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದು, ಮಳೆ ಬಂದರೆ ಉಬ್ಬಿ ಎತ್ತಿನ ಕಾಲು ಕಚ್ಚಿಕೊಳ್ಳುವ ಸಿರುಗುಪ್ಪದ ಮಣ್ಣಿನ ಗುಣಕ್ಕೆ ಕಾರಣ ಸ್ಮೆಕ್ಟೈಟ್ ಎಂಬ ಜೇಡಿ. ಬಂಗಾಳಕೊಲ್ಲಿಯ ಪಶ್ಚಿಮ ಭಾಗದ ತಳದಿಂದ ತೆಗೆದ ಕೆಸರಿನಲ್ಲಿ ಈ ಜೇಡಿ ಹೆಚ್ಚು ಕಂಡರೆ ಭೂವಿಜ್ಞಾನಿಗಳು ಅದನ್ನು ಹಿಮಾಲಯದ್ದಲ್ಲ, ದಖ್ಖನ್ನಿನ ಕರಿನೆಲದ್ದು, ಕೃಷ್ಣೆ ಗೋದಾವರಿಯರು ತಂದದ್ದು ಎಂದು ಗುರುತಿಸುತ್ತಾರೆ. ನಮ್ಮ ನೆಲಕ್ಕೆ ಕಡಲ ತಳದಲ್ಲಿ ಅಷ್ಟು ಸ್ಪಷ್ಟ ರುಜು ಇದೆ.

ಇನ್ನೊಂದು ಕರಗಿದ ಕಲ್ಲು. ಕುರುಗೋಡಿನ ಬೆಟ್ಟಗಳನ್ನು ನೆನೆಸಿಕೊಳ್ಳಿ. ಸಿಂದರು ಕೋಟೆ ಕಟ್ಟಿ ಆಳಿದ ಬೆಟ್ಟಗಳು, ಯಾರೋ ಗುಂಡು ಪೇರಿಸಿಟ್ಟ ಹಾಗಿರುವ ಗ್ರಾನೈಟ್. ಬಿಸಿಲಿಗೆ ಬಿರಿದು, ಮಳೆಗೆ ನೆನೆದು, ಅದು ಕಾಳು ಕಾಳಾಗಿ ಉದುರುತ್ತದೆ. ಬಿಳಿಯ ಗಟ್ಟಿ ಕಾಳು ಮರಳಾಗಿ ಹಳ್ಳಕ್ಕೆ ಹೋಗುತ್ತದೆ. ಉಳಿದದ್ದು ಜೇಡಿಯಾಗುವಾಗ ಒಂದಷ್ಟು ಸಿಲಿಕಾ ನೀರಿನಲ್ಲಿ ಕರಗುತ್ತದೆ. ಕಡಲಲ್ಲಿ ಡಯಾಟಮ್ ಎಂಬ ಪಾಚಿ ತನ್ನ ಗಾಜಿನಂಥ ಚಿಪ್ಪನ್ನು ಕಟ್ಟುವುದು ಈ ಸಿಲಿಕಾದಿಂದ. ಮೀನಿನ ಊಟದ ಮೊದಲ ತುತ್ತು ಡಯಾಟಮ್. ಅಣೆಕಟ್ಟೆಯ ನಿಂತ ನೀರಿನಲ್ಲಿ ಇದೇ ಪಾಚಿ ಬೆಳೆದು ಸತ್ತು ತಳಕ್ಕಿಳಿದರೆ ಸಿಲಿಕಾ ಅಲ್ಲೇ ಹೂಳಾಗುತ್ತದೆ. ಡ್ಯಾನ್ಯೂಬ್ ನದಿಗೆ ಕಟ್ಟೆ ಬಿದ್ದ ಮೇಲೆ ಕಪ್ಪು ಸಮುದ್ರದಲ್ಲಿ ಹೀಗಾಯಿತೆಂದು 1997ರಲ್ಲಿ ಲೆಕ್ಕ ಬಂತು.

ಕಟ್ಟೆಯ ಕಥೆಗೆ ಬರೋಣ. ಹೊಳೆಯ ನೀರು ತಿರುಗಿಸುವುದು ಈ ಸೀಮೆಗೆ ಹೊಸದಲ್ಲ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಇವತ್ತಿಗೂ ಹರಿಯುತ್ತಿವೆ. ಆದರೆ ಅವರ ಅಣೆಗಳು ತಗ್ಗು. ಬಂಡೆಗಳ ನಡುವೆ ಕಲ್ಲು ತುಂಬಿ ಬೇಕಾದಷ್ಟು ನೀರು ಪಕ್ಕಕ್ಕೆ ಎಳೆದುಕೊಂಡರೆ ಮಿಕ್ಕ ನೆರೆ ತಲೆಯ ಮೇಲಿಂದ ಹಾದುಹೋಗುತ್ತಿತ್ತು, ಹೂಳನ್ನೂ ಹೊತ್ತು. 1855ರಲ್ಲಿ ಬೆಜವಾಡದ ಅಣೆ ಮುಗಿದಾಗಲೂ ಅಷ್ಟೇ. ಕೃಷ್ಣೆಯ ಕೊನೆಯಲ್ಲಿ ಮುಖಜಭೂಮಿ ಗದ್ದೆಯಾಯಿತು. ಮೇಲಿನ ಬಳ್ಳಾರಿ ಒಣಗಿಯೇ ಇತ್ತು. 1876–78ರ ಬರದಲ್ಲಿ ಮದ್ರಾಸ್ ಪ್ರಾಂತದ ಅತಿ ಹೆಚ್ಚು ಸಾವು ಕಂಡ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಸರ್ ಆರ್ಥರ್ ಕಾಟನ್ ತುಂಗಭದ್ರೆಗೆ ದೊಡ್ಡ ಕಟ್ಟೆ ಬೇಕೆಂದು ಹೇಳಿದ್ದು 1860ರಲ್ಲಿ. ಬರ ಬಂದುಹೋಯಿತು, ಮದ್ರಾಸು ಹೈದರಾಬಾದು ಮೈಸೂರುಗಳ ಜಗಳ ನಡೆಯಿತು, ಕೊನೆಗೆ 1945ರ ಫೆಬ್ರುವರಿ 28ರಂದು ಹೊಳೆಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು. ಬರದ ನೆನಪಿರುವ ಮನೆಗಳಲ್ಲಿ ಬೆಳೆದ ನಾವು ಆ ಕಟ್ಟೆಯ ಬಗ್ಗೆ ಹಗುರವಾಗಿ ಮಾತಾಡಲಾರೆವು. ನಾನು ಉಂಡು ಬೆಳೆದ ಅನ್ನ ಅದರದ್ದೇ.

1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ಸಂಸ್ಥಾನಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಏಕೀಕರಣದ ಚರಿತ್ರೆ ಬರೆಯುವಾಗ ಯಾರೂ ಗಮನಿಸದ ಒಂದು ಸಣ್ಣ ಸಂಗತಿ ಇದೆ. ಅಲ್ಲಿಯತನಕ ಬಳ್ಳಾರಿ ಇದ್ದದ್ದು ಬಂಗಾಳಕೊಲ್ಲಿಗೆ ಮುಖ ಮಾಡಿದ ಪ್ರಾಂತದಲ್ಲಿ. ಅಂದಿನಿಂದ ನಮ್ಮ ಹೊಳೆ ಹರಿಯುವ ಕಡಲು ಬೇರೆ ರಾಜ್ಯದ್ದಾಯಿತು. ಸಮುದ್ರ ಎಂದರೆ ನಮ್ಮ ಶಾಲಾ ಪುಸ್ತಕಗಳಲ್ಲಿ ಕಾರವಾರ, ಮಂಗಳೂರು. ಪೂರ್ವದ ಕಡಲು ನೀರಿನ ಜಗಳದ ಕಡತದಲ್ಲಿ ಮಾತ್ರ ಉಳಿಯಿತು.

ಕಡತದಲ್ಲಿ ಹೇಗೆ ಉಳಿಯಿತು ಎಂದು ನೋಡಲು ದೊಡ್ಡ ಲೆಕ್ಕ ಬೇಡ. ಬಚಾವತ್ ನ್ಯಾಯಮಂಡಳಿ 1970ರ ದಶಕದಲ್ಲಿ ಕೃಷ್ಣೆಯಲ್ಲಿ ನೂರಕ್ಕೆ 75 ವರ್ಷ ನೆಚ್ಚಬಹುದಾದ ನೀರು 2,060 ಟಿಎಂಸಿ ಎಂದು ಎಣಿಸಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಕೂಡಿಸಿ ನೋಡಿ: 2,060. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ದೇವರ ಹೆಸರಿಗೆ ನಾಲ್ಕು ಗುಂಟೆ ಬಿಡುವ ರೂಢಿ ನಮ್ಮಲ್ಲಿದೆ. ಇಲ್ಲಿ ಸಮುದ್ರದ ಹೆಸರಿಗೆ ಅಷ್ಟೂ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ಕೃಷ್ಣೆ ವರ್ಷಕ್ಕೆ ಸರಾಸರಿ ಸುಮಾರು 57 ಘನ ಕಿಲೋಮೀಟರ್ ನೀರನ್ನು ಕಡಲಿಗೆ ಕೊಡುತ್ತಿತ್ತು, ಅಂದಾಜು ಎರಡು ಸಾವಿರ ಟಿಎಂಸಿ. 1967ರಲ್ಲಿ ನಾಗಾರ್ಜುನಸಾಗರ, 1980ರ ದಶಕದಲ್ಲಿ ಶ್ರೀಶೈಲ, ಮೇಲೆ ಆಲಮಟ್ಟಿ. 2001ರಿಂದ 2004ರ ಬರದ ವರ್ಷಗಳಲ್ಲಿ ಅದು ಒಂದು ಘನ ಕಿಲೋಮೀಟರಿಗೂ ಕೆಳಗಿಳಿಯಿತು.

ನೀರು ಅತಿವೃಷ್ಟಿಯ ವರ್ಷದಲ್ಲಾದರೂ ಹೋಗುತ್ತದೆ. ಮಣ್ಣು ಹೋಗುವುದಿಲ್ಲ. ತುಂಗಭದ್ರಾ ಜಲಾಶಯ ಶುರುವಿನಲ್ಲಿ ಸುಮಾರು 132 ಟಿಎಂಸಿ ಹಿಡಿಯುತ್ತಿತ್ತು. 2016ರ ಅಳತೆಯಲ್ಲಿ 105.79. ನಡುವಿನ 26 ಚಿಲ್ಲರೆ ಟಿಎಂಸಿ ಜಾಗ, ಸುಮಾರು 75 ಕೋಟಿ ಘನ ಮೀಟರ್, ಮಲೆನಾಡು ಬಯಲುಸೀಮೆಗಳ ಮಣ್ಣಿನಿಂದ ತುಂಬಿದೆ. ಹಗರಿಯದು ಇನ್ನೂ ಹಳೆಯ ಕಥೆ. ಮೇಲೆ ಮಾರಿಕಣಿವೆಯ ವಾಣಿವಿಲಾಸ ಸಾಗರ 1907ರದ್ದು. ಕಟ್ಟೆಗಳ ಕೆಳಗೆ ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಹಳ್ಳಗಳಿಂದ ಹೊಳೆಗಿಳಿಯುವ ಎರೆಮಣ್ಣಿನಲ್ಲಿ ಬಹುಪಾಲು ಶ್ರೀಶೈಲದ ನಿಂತ ನೀರಿನಲ್ಲಿ ಕೂರುತ್ತದೆ. ನಾವು ಹೂಳಿನ ಸಮಸ್ಯೆ ಎಂದು ಕರೆಯುವುದು ಇನ್ನೊಂದು ತುದಿಯಲ್ಲಿ ದಂಡೆ ಕರಗುವ ಸಮಸ್ಯೆ. 1977ರ ನಂತರದ ಉಪಗ್ರಹ ಚಿತ್ರಗಳನ್ನು ಹೋಲಿಸಿದವರು ಕೃಷ್ಣೆಯ ಮುಖಜಭೂಮಿ ಬೆಳೆಯುವುದು ನಿಂತು ಹಿಂದೆ ಸರಿಯುತ್ತಿದೆ ಎಂದು ತೋರಿಸಿದ್ದಾರೆ. ಕೊಡುವವರಿಲ್ಲದ ಮೇಲೆ ಅಲೆ ತಾನೇ ತೆಗೆದುಕೊಳ್ಳುತ್ತದೆ.

ಉಪ್ಪಿನ ವಿಷಯದಲ್ಲಿ ಮಾತ್ರ ಲೆಕ್ಕ ನಮ್ಮ ಬಾಗಿಲಿಗೇ ಬಂದಿದೆ. ನದಿ ನೆಲದ ಉಪ್ಪನ್ನು ತೊಳೆದು ಕಡಲಿಗೆ ಒಯ್ಯುವ ಸಾಧನವೂ ಹೌದು. ಎರೆಭೂಮಿಯಲ್ಲಿ ವರ್ಷಕ್ಕೆ ಎರಡು ಸಲ ಭತ್ತ ನಿಲ್ಲಿಸಿದರೆ ನೀರು ಬಸಿಯುವುದಿಲ್ಲ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಕಾಲುವೆಯ ಕೊನೆಯ ಹಳ್ಳಿಗಳ ತಗ್ಗು ಹೊಲಗಳಲ್ಲಿ ಏಪ್ರಿಲ್ ತಿಂಗಳಿಗೆ ಸುಣ್ಣ ಚೆಲ್ಲಿದ ಹಾಗೆ ಬಿಳಿ. ಅದಕ್ಕೆ ಸವಳು ಎನ್ನುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಜವಳು ಸವಳಾದ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂಬ ಲೆಕ್ಕ ಚಾಲ್ತಿಯಲ್ಲಿದೆ. ಹೊಳೆಯಾಚೆ ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ನೆಲದಡಿ ಕೊಳವೆ ಹೂತು ಉಪ್ಪುನೀರು ಬಸಿಯುವ ಪ್ರಯೋಗ ನಡೆಯುತ್ತಲೇ ಇದೆ. ಬಸಿದ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ, ಹೊಳೆ ಕೆಳಗಿನ ಕಟ್ಟೆಗೆ.

ಕಡಲು ಸುಮ್ಮನೆ ಕುಳಿತಿಲ್ಲ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಆಂಧ್ರ ತೀರದ ಆಚೆ ಎದ್ದ ವಾಯುಭಾರ ಕುಸಿತ ಪಶ್ಚಿಮಕ್ಕೆ ಬಂದು ಉತ್ತರ ಕರ್ನಾಟಕದ ಮೇಲೆ ನಿಂತಿತು. ಅದು ಹೊತ್ತು ತಂದದ್ದು ಅದೇ ಕೊಲ್ಲಿಯ ನೀರು. ಅಕ್ಟೋಬರ್ ಮೊದಲ ದಿನಗಳಲ್ಲಿ ಹಗರಿಯೂ ತುಂಗಭದ್ರೆಯೂ ಒಟ್ಟಿಗೆ ಏರಿದವು. ಸಿರುಗುಪ್ಪ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳು, ಮಂತ್ರಾಲಯ, ಕರ್ನೂಲು ಪಟ್ಟಣ ಮುಳುಗಿದವು. ಶ್ರೀಶೈಲಕ್ಕೆ ಸೆಕೆಂಡಿಗೆ 25 ಲಕ್ಷ ಘನ ಅಡಿಯಷ್ಟು ನೀರು ಬಂತು. ಕೊನೆಯ ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕಡಲಿಗೆ ಹೋಯಿತು. ಆಗ ದಕ್ಷಿಣಕ್ಕೆ ತಿರುಗುವ ತೀರದ ಪ್ರವಾಹದ ಕಾಲ, ಕಮರಿ ಮೋರಿಯಾಗುವ ಕಾಲ. ನೆರೆ ಇಳಿದ ಮೇಲೆ ಮನೆಗಳ ಗೋಡೆಯಲ್ಲಿ ಎದೆಮಟ್ಟದ ಕೆಸರು ಗೆರೆ ಉಳಿದಿತ್ತು. ಸರ್ಕಾರದ ಆಸರೆ ಮನೆಗಳಿಗೆ ಎಷ್ಟೋ ಕುಟುಂಬಗಳು ಹೋದರೂ ಹಳೆಯ ಊರುಗಳ ಕೆಲವು ಗೋಡೆಗಳಲ್ಲಿ ಆ ಗೆರೆ ಈಗಲೂ ಇದೆ.

ಇದನ್ನೆಲ್ಲ ಓದಿಕೊಂಡು ಮೊನ್ನೆ ಬೇಸಿಗೆಯಲ್ಲಿ ಆ ಹಿರಿಯ ರೈತರನ್ನು ಮತ್ತೆ ಕಂಡೆ. ಅವರ ಹೊಲದ ಬದುವಿನ ಮೇಲೆ ಕೂತು, ನಿಮ್ಮ ಎರಿ ಮಣ್ಣು ಕಡಲ ತಳದಲ್ಲಿ ಸಿಕ್ಕೈತಂತ ಯಜಮಾನ್ರೆ, ಅಂದೆ. ಅವರು ಕಾಲ ಬುಡದ ಬಿರುಕಿನೊಳಗೆ ಕಡ್ಡಿ ಇಳಿಬಿಟ್ಟು ಆಳ ನೋಡುತ್ತಿದ್ದರು.

"ಅಲ್ಲೂ ಹಿಂಗ ಬಿರಿತೈತೇನ್ರಿ?"

ಇಲ್ಲ, ಅಲ್ಲಿ ಯಾವಾಗಲೂ ನೀರು, ಅಂದೆ.

"ಹಂಗಾರ ಅದಕ್ಕ ಅಲ್ಲಿ ಬ್ಯಾಸಗೀನ ಇಲ್ಲ ಅನ್ರಿ," ಎಂದು ನಕ್ಕು, ಕಡ್ಡಿ ಬಿಸಾಕಿ, ಕರೆಂಟು ಬಂತೇನೋ ನೋಡಲು ಮೋಟರಿನ ಕಡೆ ಹೋದರು.